ಮುಟ್ಟಿದರೆ ಹರಡದ್ದು, ಮಾತಿನಿಂದ ಹರಡುವುದು



ನಿಮ್ಮ ಶಾಲೆಯಲ್ಲಿ ಒಬ್ಬರಿಂದ ಒಬ್ಬರಿಗೆ ಏನೇನು ಹರಡುತ್ತದೆ? ಒಂದು ಪಟ್ಟಿ ಮಾಡೋಣ. ನೆಗಡಿ, ಕೆಮ್ಮು, ಕಣ್ಣುಬೇನೆ, ಮಂಗನಬಾವು, ಕಜ್ಜಿ, ತಲೆಯ ಹೇನು. ಸೋಮವಾರ ಒಬ್ಬನ ಕಣ್ಣು ಕೆಂಪಾದರೆ ಶನಿವಾರದ ಹೊತ್ತಿಗೆ ಅವನ ಸಾಲಿನಲ್ಲಿ ಕೂರುವ ಇನ್ನೂ ಮೂರು ನಾಲ್ಕು ಮಂದಿ ಕಣ್ಣುಜ್ಜಿಕೊಳ್ಳುತ್ತಿರುತ್ತಾರೆ. ಪಟ್ಟಿ ಮುಗಿಯಿತೆ? ಇಲ್ಲ. ಇವೆಲ್ಲಕ್ಕಿಂತ ಬೇಗ ಹರಡುವುದು ಇನ್ನೊಂದಿದೆ. ಅದೇ ಸುದ್ದಿ.

ಈ ಸಂಚಿಕೆಯ ಪಾಠ ಎರಡು ಬಗೆಯ ಹರಡುವಿಕೆಯ ಬಗ್ಗೆ. ಒಂದು, ಎಚ್.ಐ.ವಿ. ಎಂಬ ವೈರಸ್. ಎರಡನೆಯದು, ಅದರ ಬಗ್ಗೆ ಇರುವ ಭಯ. ವೈರಸ್ ತರಗತಿಯಲ್ಲಿ ಹರಡುವುದಿಲ್ಲ. ಭಯ ಹರಡುತ್ತದೆ. ತಂದೆಗೋ ತಾಯಿಗೋ ಎಚ್.ಐ.ವಿ. ಇರುವ ಮನೆಗಳ ಮಕ್ಕಳು ನಮ್ಮ ಶಾಲೆಗಳಲ್ಲಿ ಓದುತ್ತಿದ್ದಾರೆ. ಅವರಿಗೆ ಹೆಚ್ಚು ನೋವು ಕೊಡುವುದು ಈ ಎರಡರಲ್ಲಿ ಯಾವುದು? ಪಾಠ ಮುಗಿಯುವ ಹೊತ್ತಿಗೆ ನೀವೇ ಹೇಳುವಿರಿ.

ಬೀಗ ಮತ್ತು ಕೀಲಿಕೈ

ಎಚ್.ಐ.ವಿ. ಎಂದರೆ ಮಾನವನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್. ಅದರ ಅಗಲ ಸುಮಾರು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ಜಾಗ ನೋಡಿ. ಅಷ್ಟು ಜಾಗ ತುಂಬಲು ಈ ವೈರಸ್‌ಗಳು ಸಾಲಾಗಿ ಹತ್ತು ಸಾವಿರ ನಿಲ್ಲಬೇಕು.

ಯಾವ ವೈರಸ್ಸೂ ತಾನಾಗಿ ಬೆಳೆಯಲಾರದು. ಅದು ಒಂದು ಜೀವಕೋಶದ ಒಳಗೆ ಹೊಕ್ಕ ಮೇಲಷ್ಟೆ ತನ್ನಂಥವನ್ನು ಹುಟ್ಟಿಸಬಲ್ಲದು. ಒಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ವೈರಸ್ಸಿನ ಮೈಮೇಲೆ ಕೀಲಿಕೈಯಂಥ ಭಾಗವಿದೆ. ಆ ಕೀಲಿಕೈಗೆ ಒಪ್ಪುವ ಬೀಗ ಯಾವ ಜೀವಕೋಶದ ಮೇಲಿದೆಯೋ ಅದರೊಳಗೆ ಮಾತ್ರ ಅದು ಹೊಗುತ್ತದೆ. ಎಚ್.ಐ.ವಿ.ಗೆ ಒಪ್ಪುವ ಬೀಗದ ಹೆಸರು ಸಿ.ಡಿ.4. ಈ ಬೀಗ ಮುಖ್ಯವಾಗಿ ಕೆಲವು ಬಿಳಿ ರಕ್ತಕಣಗಳ ಮೇಲಿರುತ್ತದೆ.

ಈ ಬಿಳಿ ರಕ್ತಕಣಗಳು ನಮ್ಮ ದೇಹದ ಕಾವಲುಗಾರರ ಮೇಸ್ತ್ರಿಗಳು. ರೋಗಾಣು ಬಂದಾಗ ಉಳಿದ ಕಾವಲುಗಾರರನ್ನು ಎಬ್ಬಿಸುವವು ಇವೇ. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಇವು ಸುಮಾರು 500ರಿಂದ 1500ರವರೆಗೆ ಇರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಎಚ್.ಐ.ವಿ. ಇವನ್ನು ವರ್ಷ ವರ್ಷವೂ ಕಡಿಮೆ ಮಾಡುತ್ತ ಹೋಗುತ್ತದೆ. ಸಂಖ್ಯೆ 200ಕ್ಕಿಂತ ಕೆಳಗಿಳಿದರೆ ಕ್ಷಯದಂಥ ರೋಗಗಳು ಸುಲಭವಾಗಿ ಮೇಲೆರಗುತ್ತವೆ. ಆ ಹಂತಕ್ಕೆ ಏಡ್ಸ್ ಎಂದು ಹೆಸರು. ಗಮನಿಸಿ: ಎಚ್.ಐ.ವಿ. ಎಂಬುದು ವೈರಸ್ಸಿನ ಹೆಸರು. ಏಡ್ಸ್ ಎಂಬುದು ಸ್ಥಿತಿಯ ಹೆಸರು. ಎಚ್.ಐ.ವಿ. ಇರುವವರಿಗೆಲ್ಲ ಏಡ್ಸ್ ಇರುವುದಿಲ್ಲ.

ಹರಡುವ ದಾರಿ ನಾಲ್ಕು

1. ಸೋಂಕಿರುವ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟರೆ. (ಆದ್ದರಿಂದಲೇ ರಕ್ತನಿಧಿಗಳಲ್ಲಿ ದಾನವಾಗಿ ಬಂದ ರಕ್ತವನ್ನೆಲ್ಲ ಪರೀಕ್ಷಿಸುವುದು ಕಡ್ಡಾಯ.)
2. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಿದರೆ.
3. ಸೋಂಕಿರುವ ತಾಯಿಯಿಂದ ಮಗುವಿಗೆ, ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ.
4. ದೊಡ್ಡವರಲ್ಲಿ, ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ. ಇದರ ಬಗ್ಗೆ ಪ್ರೌಢಶಾಲೆಯಲ್ಲಿ ವಿವರವಾಗಿ ಓದುವಿರಿ.

ಇಷ್ಟೇ. ಈ ಪಟ್ಟಿಯಲ್ಲಿ ಕೈಕುಲುಕುವುದಿಲ್ಲ, ಬೆಂಚಿಲ್ಲ, ತಟ್ಟೆಯಿಲ್ಲ, ಕೆಮ್ಮಿಲ್ಲ, ಒಂದೇ ಶೌಚಾಲಯ ಬಳಸುವುದೂ ಇಲ್ಲ. ಏಕೆ? ಬೀಗ-ಕೀಲಿಕೈ ನೆನಪಿಸಿಕೊಳ್ಳಿ. ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳಿಂದ ಆದದ್ದು. ಅಲ್ಲಿ ಈ ವೈರಸ್ಸಿಗೆ ತೆರೆಯಲು ಬಾಗಿಲೇ ಇಲ್ಲ. ಬೆವರು, ಕಣ್ಣೀರು, ಎಂಜಲುಗಳಿಂದ ಇದು ಹರಡುವುದಿಲ್ಲ. ದೇಹದ ಹೊರಗೆ ಬಂದು ಒಣಗಿದರೆ ಬೇಗ ನಿಶ್ಶಕ್ತವಾಗುತ್ತದೆ. ಕಣ್ಣುಬೇನೆಯ ವೈರಸ್ ಟವೆಲ್ಲಿನ ಮೇಲೆ ಕಾದಿದ್ದು ಇನ್ನೊಬ್ಬರ ಕಣ್ಣಿಗೆ ಹೋಗಬಲ್ಲದು. ಎಚ್.ಐ.ವಿ. ಹಾಗೆ ಮಾಡಲಾರದು.

ಪ್ರಶ್ನೆ ಪೆಟ್ಟಿಗೆಯಿಂದ

ಶಾಲೆಗಳಿಗೆ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ನಾನು ಒಂದು ರಟ್ಟಿನ ಪೆಟ್ಟಿಗೆ ಇಡುತ್ತೇನೆ. ಕೇಳಲು ಸಂಕೋಚವಾಗುವ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬರೆಯಬೇಕಿಲ್ಲ. ಎಚ್.ಐ.ವಿ. ಬಗ್ಗೆ ಮಾತಾಡಿದ ದಿನ ಪೆಟ್ಟಿಗೆಯಲ್ಲಿ ಸಿಗುವಂಥ ಕೆಲವು ಪ್ರಶ್ನೆಗಳಿವು.

*ಸೊಳ್ಳೆ ಒಬ್ಬರನ್ನು ಕಚ್ಚಿ ಇನ್ನೊಬ್ಬರನ್ನು ಕಚ್ಚಿದರೆ?*

ಒಳ್ಳೆಯ ಪ್ರಶ್ನೆ. ಮಲೇರಿಯಾ ಹಾಗೆಯೇ ಹರಡುತ್ತದೆಯಲ್ಲ! ಆದರೆ ಮಲೇರಿಯಾದ ರೋಗಾಣು ಸೊಳ್ಳೆಯ ದೇಹದಲ್ಲಿ ಬೆಳೆದು ಅದರ ಜೊಲ್ಲಿಗೆ ಬರುತ್ತದೆ. ಎಚ್.ಐ.ವಿ.ಗೆ ಸೊಳ್ಳೆಯ ದೇಹದಲ್ಲಿ ಒಪ್ಪುವ ಬೀಗವಿಲ್ಲ. ಕುಡಿದ ರಕ್ತದೊಂದಿಗೆ ಅದೂ ಜೀರ್ಣವಾಗಿಬಿಡುತ್ತದೆ. ಸೊಳ್ಳೆ ಕಚ್ಚುವಾಗ ಒಂದು ನಳಿಕೆಯಿಂದ ಜೊಲ್ಲು ಬಿಡುತ್ತದೆ, ಇನ್ನೊಂದರಿಂದ ರಕ್ತ ಹೀರುತ್ತದೆ. ಹಿಂದೆ ಕುಡಿದ ರಕ್ತವನ್ನು ನಮ್ಮ ಮೈಗೆ ಸುರಿಯುವುದಿಲ್ಲ.

*ಬಿಸಿಯೂಟದ ಅಡುಗೆಯವರಿಗೆ ಸೋಂಕಿದ್ದರೆ ಊಟ ಬಿಡಬೇಕಾ?*

ಬೇಡ. ಎಚ್.ಐ.ವಿ. ಅನ್ನದಿಂದ, ಸಾರಿನಿಂದ, ನೀರಿನಿಂದ ಹರಡುವುದಿಲ್ಲ. ಅಡುಗೆ ಮಾಡುವವರು, ಬಡಿಸುವವರು, ಉಣ್ಣುವವರು ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು. ಅದು ವಾಂತಿಭೇದಿಯನ್ನು ತಡೆಯಲು.

*ಅಪ್ಪನಿಗೆ ಇದ್ದರೆ ಮಕ್ಕಳಿಗೂ ಇದ್ದೇ ಇರುತ್ತದಾ?*

ಇಲ್ಲ. ತಂದೆಯ ಜೊತೆ ಬಾಳುವುದರಿಂದ ಮಗುವಿಗೆ ಬರುವುದಿಲ್ಲ. ತಾಯಿಗೆ ಸೋಂಕಿದ್ದರೂ ಎಲ್ಲ ಮಕ್ಕಳಿಗೆ ಬರುವುದಿಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಇಂಥ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲಬಹುದು. ತಾಯಿ ಔಷಧ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಕೆಲವು ವಾರ ಔಷಧ ಕುಡಿಸಿದರೆ ಅದು 5ಕ್ಕಿಂತ ಕಡಿಮೆಯಾಗುತ್ತದೆ. ಸಂಶಯವಿದ್ದರೆ ಒಂದು ರಕ್ತಪರೀಕ್ಷೆ ಸಾಕು. ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ.

*ಅಮ್ಮನ ತಟ್ಟೆಯಲ್ಲಿ ಉಂಡರೆ ಏನಾಗುತ್ತದೆ ಸರ್?*

ಹೊಟ್ಟೆ ತುಂಬುತ್ತದೆ. ಮತ್ತೇನೂ ಆಗುವುದಿಲ್ಲ. ಅಮ್ಮನ ಪಕ್ಕದಲ್ಲಿ ಮಲಗಬಹುದು, ತಬ್ಬಿಕೊಳ್ಳಬಹುದು, ಮುತ್ತು ಕೊಡಬಹುದು, ಒಂದೇ ಕಂಬಳಿ ಹೊದೆಯಬಹುದು. ಕ್ಷೌರದ ಬ್ಲೇಡು ಮತ್ತು ಹಲ್ಲುಜ್ಜುವ ಬ್ರಷ್ಷನ್ನು ಮಾತ್ರ ಹಂಚಿಕೊಳ್ಳಬಾರದು. ಆ ನಿಯಮ ಎಲ್ಲ ಮನೆಗಳಿಗೂ, ಎಲ್ಲರಿಗೂ ಇದೆ.

ಇಂಥ ಚೀಟಿ ಬರೆದವರು ಯಾರು ಎಂದು ನಾನು ಹುಡುಕುವುದಿಲ್ಲ. ನೀವೂ ಹುಡುಕಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

101 ಜನರ ಪುರಾವೆ

“ಹರಡುವುದಿಲ್ಲ ಎಂದು ಹೇಗೆ ಹೇಳುತ್ತೀರಿ? ಪುರಾವೆ ಏನು?” ವಿಜ್ಞಾನದ ವಿದ್ಯಾರ್ಥಿ ಹೀಗೆ ಕೇಳಲೇಬೇಕು.

1986ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ವೈದ್ಯರ ಅಧ್ಯಯನವೊಂದು ಪ್ರಕಟವಾಯಿತು. ಅವರು 39 ರೋಗಿಗಳ ಮನೆಗಳಲ್ಲಿ ಜೊತೆಗೆ ಬದುಕುತ್ತಿದ್ದ 101 ಜನರನ್ನು ಪರೀಕ್ಷಿಸಿದರು. ಗಂಡ-ಹೆಂಡತಿಯ ಸಂಬಂಧದವರನ್ನು ಇದರಲ್ಲಿ ಸೇರಿಸಿರಲಿಲ್ಲ. ಮಕ್ಕಳು, ಅಣ್ಣತಮ್ಮಂದಿರು, ಅಜ್ಜ-ಅಜ್ಜಿ ಇಂಥವರೇ. ಅವರೆಲ್ಲ ರೋಗಿಯ ಜೊತೆ ಒಂದೇ ಮನೆಯ ತಟ್ಟೆ-ಲೋಟ, ಹಾಸಿಗೆ, ಬಚ್ಚಲುಮನೆ ಬಳಸಿದವರು. ರೋಗಿಯನ್ನು ಅಪ್ಪಿಕೊಂಡವರು, ಆರೈಕೆ ಮಾಡಿದವರು. ಆಗಿನ್ನೂ ಎಚ್.ಐ.ವಿ.ಗೆ ಔಷಧವೇ ಇರಲಿಲ್ಲ. ಅಂದರೆ ರೋಗಿಗಳ ದೇಹದಲ್ಲಿ ವೈರಸ್ಸನ್ನು ತಡೆಯುವಂಥದ್ದು ಏನೂ ಇರಲಿಲ್ಲ.

ಫಲಿತಾಂಶ ಏನು? 101 ಜನರಲ್ಲಿ ಸೋಂಕು ಕಂಡದ್ದು ಒಂದೇ ಮಗುವಿಗೆ. ವಿಚಾರಿಸಿದಾಗ ಆ ಮಗುವಿಗೆ ಅದು ಬಂದದ್ದು ಹುಟ್ಟುವಾಗ, ತಾಯಿಯಿಂದ ಎಂದು ತೋರಿತು. ಜೊತೆಗೆ ಉಂಡು, ಜೊತೆಗೆ ಮಲಗಿ ಸೋಂಕು ತಗುಲಿದವರ ಸಂಖ್ಯೆ ಸೊನ್ನೆ.

ಈಗ ಲೆಕ್ಕ ಹಾಕಿ. ಔಷಧವಿಲ್ಲದ ಕಾಲದಲ್ಲಿ, ಒಂದೇ ಮನೆಯೊಳಗೆ ಹರಡದ ವೈರಸ್ಸು, ಔಷಧವಿರುವ ಈ ಕಾಲದಲ್ಲಿ, ಸೋಂಕಿರುವವರ ಮಗನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರೆ ಹರಡೀತೆ?

ಹೊಲದ ಕಳೆ ಮತ್ತು ದಿನದ ಮಾತ್ರೆ

ಪೆಟ್ಟಿಗೆಗೆ ಬೀಳುವ ಇನ್ನೊಂದು ಪ್ರಶ್ನೆ ಇದೆ. *“ಅಪ್ಪ ಸಾಯ್ತಾರಾ ಸರ್?”* ಇದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ.

ಎಚ್.ಐ.ವಿ.ಗೆ ಕೊಡುವ ಔಷಧಕ್ಕೆ ಎ.ಆರ್.ಟಿ. ಎನ್ನುತ್ತಾರೆ. ಈ ಔಷಧಗಳು ವೈರಸ್ ತನ್ನ ನಕಲು ಮಾಡಿಕೊಳ್ಳುವ ಬೇರೆ ಬೇರೆ ಹಂತಗಳನ್ನು ತಡೆಯುತ್ತವೆ. ದಿನವೂ ತಪ್ಪದೆ ಮಾತ್ರೆ ನುಂಗಿದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ರಕ್ತದಲ್ಲಿರುವ ವೈರಸ್‌ಗಳು ಪರೀಕ್ಷೆಯ ಲೆಕ್ಕಕ್ಕೂ ಸಿಗದಷ್ಟು ಕಡಿಮೆಯಾಗುತ್ತವೆ. ಸಿ.ಡಿ.4 ಕಣಗಳು ಮತ್ತೆ ಹೆಚ್ಚುತ್ತವೆ. ಆ ಸ್ಥಿತಿ ತಲುಪಿ, ಮಾತ್ರೆ ಮುಂದುವರಿಸುವವರಿಂದ ಅವರ ಬಾಳಸಂಗಾತಿಗೂ ಸೋಂಕು ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ವೈರಸ್ ಹೋಯಿತು, ಮಾತ್ರೆ ನಿಲ್ಲಿಸಬಹುದೆ? ಇಲ್ಲ. ಹೊಲದಲ್ಲಿ ಕರಿಕೆ ಹುಲ್ಲು ನೋಡಿದ್ದೀರಲ್ಲ? ಮೇಲೆ ಕಾಣುವುದನ್ನೆಲ್ಲ ಕಿತ್ತರೂ ಮಣ್ಣಿನೊಳಗೆ ಗೆಣ್ಣು ಉಳಿದಿರುತ್ತದೆ. ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಎಚ್.ಐ.ವಿ. ಕೂಡ ಕೆಲವು ಜೀವಕೋಶಗಳ ಒಳಗೆ ಮಲಗಿರುತ್ತದೆ. ಮಾತ್ರೆ ನಿಂತರೆ ಎದ್ದು ಬರುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ವೈರಸ್‌ಗಳು ಬೆಳೆಯುವ ಅಪಾಯವೂ ಇದೆ. ಆದ್ದರಿಂದ ಮಾತ್ರೆ ದಿನವೂ ಬೇಕು, ಜೀವನಪೂರ್ತಿ ಬೇಕು. ಸಕ್ಕರೆ ಕಾಯಿಲೆಯವರೂ ರಕ್ತದೊತ್ತಡದವರೂ ದಿನವೂ ಮಾತ್ರೆ ನುಂಗುತ್ತಾರಲ್ಲ, ಹಾಗೆ.

ಈಗ ಆ ಪ್ರಶ್ನೆಗೆ ಉತ್ತರ. ಬೇಗ ಚಿಕಿತ್ಸೆ ಆರಂಭಿಸಿ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಉಳಿದವರಂತೆಯೇ ದುಡಿದು, ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ನೋಡುವಷ್ಟು ಕಾಲ ಬಾಳಬಹುದು. ಈಗಾಗಲೇ ತುಂಬ ಕಾಯಿಲೆಯಾಗಿರುವವರಿಗೆ ಚೇತರಿಸಿಕೊಳ್ಳಲು ಹೆಚ್ಚು ಕಾಲ, ಹೆಚ್ಚು ಆರೈಕೆ ಬೇಕು. ತಂದೆತಾಯಿಯನ್ನು ಈ ಕಾಯಿಲೆಯಿಂದ ಕಳೆದುಕೊಂಡ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಅವರಿಗೆ ನಾವು ಜೊತೆಯಾಗಬೇಕು.

ಔಷಧಕ್ಕಿಂತ ಹಳೆಯದಾದ ಭಯ

ಇಷ್ಟೆಲ್ಲ ಗೊತ್ತಿದ್ದರೂ ಜನ ಏಕೆ ಹೆದರುತ್ತಾರೆ? ಇತಿಹಾಸ ಸ್ವಲ್ಪ ನೋಡೋಣ.

1981ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆ ಮೊದಲು ವರದಿಯಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ವೈರಸ್ಸನ್ನು ಗುರುತಿಸಿದರು. ಅವರಲ್ಲಿ ಫ್ರಾಂಸ್ವಾಜ್ ಬಾರೆ-ಸಿನೂಸಿ ಮತ್ತು ಲ್ಯೂಕ್ ಮೊಂತಾನಿಯೆ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ದೊರೆಯಿತು. 1986ರಲ್ಲಿ ನಮ್ಮ ದೇಶದ ಮೊದಲ ಸೋಂಕುಗಳನ್ನು ಆಗಿನ ಮದ್ರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಪತ್ತೆಹಚ್ಚಿದರು. ಆಗ ಔಷಧವಿರಲಿಲ್ಲ. 1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾನೆ ಎಂದು ತಿಳಿಯಿತು. ಆದರೆ ಒಬ್ಬರ ಒಂದು ವರ್ಷದ ಔಷಧಕ್ಕೆ 10,000 ಡಾಲರಿಗೂ ಹೆಚ್ಚು ಬೆಲೆ! 2001ರಲ್ಲಿ ನಮ್ಮ ಮುಂಬೈಯ ಸಿಪ್ಲಾ ಕಂಪನಿ ಅದನ್ನು ಬಡ ದೇಶಗಳಿಗಾಗಿ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರ್ಕಾರ ಉಚಿತ ಎ.ಆರ್.ಟಿ. ಆರಂಭಿಸಿತು. ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ, ಸಿ.ಡಿ.4 ಎಷ್ಟೇ ಇರಲಿ, ಚಿಕಿತ್ಸೆ ಆರಂಭಿಸುವ ನಿಯಮ ಬಂದಿದೆ.

ಹೀಗೆ ವಿಜ್ಞಾನ ಮುಂದೆ ನಡೆಯಿತು. ಭಯ ಮಾತ್ರ ಔಷಧವಿಲ್ಲದ ಕಾಲದಲ್ಲೇ ನಿಂತಿತು. 2003ರಲ್ಲಿ ನೆರೆಯ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ತಂದೆತಾಯಿಯನ್ನು ಏಡ್ಸ್‌ನಿಂದ ಕಳೆದುಕೊಂಡ, ತಮಗೂ ಸೋಂಕಿದ್ದ ಅಕ್ಕ-ತಮ್ಮ ಇಬ್ಬರು ಶಾಲೆಗೆ ಬರುವುದನ್ನು ಇತರ ಮಕ್ಕಳ ಪಾಲಕರು ವಿರೋಧಿಸಿದರು. ಆಗ ಕೇಂದ್ರ ಆರೋಗ್ಯ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಎಲ್ಲರೆದುರು ಆ ಮಕ್ಕಳನ್ನು ಅಪ್ಪಿಕೊಂಡರು. ಒಂದು ಪುಸ್ತಕದಷ್ಟು ವಿಜ್ಞಾನ ಆ ಒಂದು ಅಪ್ಪುಗೆಯಲ್ಲಿತ್ತು.

ಸುದ್ದಿಯ ಗಣಿತ

ಈಗ ಎರಡನೆಯ ಬಗೆಯ ಹರಡುವಿಕೆಗೆ ಬರೋಣ. ಒಬ್ಬ ಹುಡುಗ ಒಂದು ಸುದ್ದಿಯನ್ನು ಇಬ್ಬರಿಗೆ ಹೇಳಿದ ಎಂದುಕೊಳ್ಳಿ. ಆ ಇಬ್ಬರೂ ತಲಾ ಇಬ್ಬರಿಗೆ ಹೇಳುತ್ತಾರೆ. ಹೀಗೆ ಆರು ಸುತ್ತು ನಡೆದರೆ ಎಷ್ಟು ಜನಕ್ಕೆ ಗೊತ್ತಾಯಿತು?

1 + 2 + 4 + 8 + 16 + 32 + 64 = 127

ಅಂದರೆ ಪ್ರಾರ್ಥನೆಯ ಹೊತ್ತಿಗೆ ಒಬ್ಬನ ಬಾಯಲ್ಲಿದ್ದದ್ದು ಸಂಜೆಯ ಗಂಟೆ ಹೊಡೆಯುವಷ್ಟರಲ್ಲಿ ಇಡೀ ಶಾಲೆಯನ್ನು ಮುಟ್ಟಬಹುದು. ಜೊತೆಗೆ ಸುದ್ದಿ ಹೋಗುತ್ತ ಹೋಗುತ್ತ ಬದಲಾಗುತ್ತದೆ. “ಅವನ ಅಪ್ಪ ಜಿಲ್ಲಾ ಆಸ್ಪತ್ರೆಯಲ್ಲಿ ಕಂಡರು” ಎಂಬುದು “ಅವನ ಅಪ್ಪನಿಗೆ ದೊಡ್ಡ ಕಾಯಿಲೆಯಂತೆ” ಆಗುತ್ತದೆ. ಅದು “ಅವನಿಗೂ ಇದೆಯಂತೆ” ಆಗುತ್ತದೆ. ಕೊನೆಗೆ “ಅವನ ಪಕ್ಕ ಕೂರಬೇಡಿ” ಎಂದು ಮುಗಿಯುತ್ತದೆ. ಮೊದಲ ಮಾತು ನಿಜವಿರಬಹುದು. ಕೊನೆಯ ಮಾತು ಪೂರ್ತಿ ಸುಳ್ಳು.

ಇದರಿಂದ ಆ ಹುಡುಗನಿಗೆ ಬೇಸರವಾಗುತ್ತದೆ, ಅಷ್ಟೆ ಎಂದು ತಿಳಿಯಬೇಡಿ. ಮುಂದೆ ನಡೆಯುವುದನ್ನು ಸರಪಳಿಯಂತೆ ಜೋಡಿಸಿ ನೋಡಿ. ಸುದ್ದಿ ಹಬ್ಬಿತು. ಊರಿನವರು ಓರೆನೋಟದಿಂದ ನೋಡಿದರು. ಅಪ್ಪ ಕೂಲಿಗೆ ಹೋದಲ್ಲಿ ಎಲ್ಲರೆದುರು ಮಾತ್ರೆ ನುಂಗಲು ಹಿಂಜರಿದರು. ಯಾರಾದರೂ ಕಂಡಾರು ಎಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರು. ಮಾತ್ರೆ ತಪ್ಪಿತು. ಮಲಗಿದ್ದ ವೈರಸ್ ಎದ್ದಿತು. ಸಿ.ಡಿ.4 ಇಳಿಯಿತು. ಕಾಯಿಲೆ ಬಂತು.

ಸರಪಳಿಯ ಒಂದು ತುದಿಯಲ್ಲಿ ಶಾಲೆಯ ಅಂಗಳದ ಒಂದು ಮಾತಿದೆ. ಇನ್ನೊಂದು ತುದಿಯಲ್ಲಿ ಒಬ್ಬ ತಂದೆಯ ಪ್ರಾಣವಿದೆ. ಈ ಭಯಕ್ಕೆ, ದೂರವಿಡುವುದಕ್ಕೆ, ಆಡಿಕೊಳ್ಳುವುದಕ್ಕೆ ಕಳಂಕ ಎನ್ನುತ್ತಾರೆ. ವೈರಸ್ಸಿಗೆ ಔಷಧವಿದೆ. ಕಳಂಕಕ್ಕೆ ಮಾತ್ರೆಯಿಲ್ಲ. ಆದರೆ ಆರು ಸುತ್ತಿನ ಆ ಲೆಕ್ಕದಲ್ಲಿ ಎರಡನೆಯ ಸುತ್ತಿನ ಇಬ್ಬರು ಬಾಯಿ ಮುಚ್ಚಿಕೊಂಡರೆ? ಸುದ್ದಿ ಮೂರು ಜನರಲ್ಲೇ ನಿಂತುಹೋಗುತ್ತದೆ. ಆ ಇಬ್ಬರಲ್ಲಿ ಒಬ್ಬರು ನೀವಾಗಬಹುದು.

ಇದು ನಿಮ್ಮ ಮನೆಯ ಮಾತಾದರೆ

ಈ ಪುಟ ಓದುತ್ತಿರುವ ನಿಮ್ಮಲ್ಲೇ ಯಾರಾದರೂ ಅಮ್ಮನ ಜೊತೆ ಮಾತ್ರೆ ತರಲು ಬಸ್ಸು ಹತ್ತುವವರಿರಬಹುದು. ಅಪ್ಪನಿಗೆ ಹುಷಾರಿಲ್ಲದಾಗ ತಮ್ಮತಂಗಿಯರಿಗೆ ಅನ್ನ ಮಾಡಿಟ್ಟು ಶಾಲೆಗೆ ಬರುವವರಿರಬಹುದು. ಮುಂದಿನ ನಾಲ್ಕು ಮಾತು ನಿಮಗೆ.

ಮೊದಲನೆಯದು, ಇದು ಯಾರ ಪಾಪದ ಫಲವೂ ಅಲ್ಲ. ವೈರಸ್ಸಿಗೆ ಪಾಪ-ಪುಣ್ಯ ಗೊತ್ತಿಲ್ಲ. ಒಪ್ಪುವ ಬೀಗ ಮಾತ್ರ ಗೊತ್ತು. “ಹೇಗೆ ಬಂತು?” ಎಂದು ಯಾರಾದರೂ ಕೇಳಿದರೆ ಉತ್ತರಿಸುವ ಜವಾಬ್ದಾರಿ ನಿಮ್ಮದಲ್ಲ.

ಎರಡನೆಯದು, ಗುಟ್ಟು ಬೇರೆ, ಸುಳ್ಳು ಬೇರೆ. ಮನೆಯವರ ಆರೋಗ್ಯದ ವಿಷಯ ಮನೆಯವರದು. ಅದನ್ನು ಹೇಳದೆ ಇಟ್ಟುಕೊಂಡರೆ ನೀವು ಸುಳ್ಳು ಹೇಳಿದಂತಾಗುವುದಿಲ್ಲ. ಯಾರಿಗೆ ಹೇಳಬೇಕು ಎಂಬುದನ್ನು ಅಪ್ಪ-ಅಮ್ಮನ ಜೊತೆ ಕುಳಿತು ನಿರ್ಧರಿಸಿ.

ಮೂರನೆಯದು, ಗುಟ್ಟು ಭಾರವಾದರೆ ಒಬ್ಬರೇ ಹೊರಬೇಡಿ. ಸಿಟ್ಟು ಬರಬಹುದು, ಅಳು ಬರಬಹುದು, ಓದಲು ಮನಸ್ಸಾಗದಿರಬಹುದು. ಇದೆಲ್ಲ ಸಹಜ. ನಿಮಗೆ ನಂಬಿಕೆಯಿರುವ ಒಬ್ಬ ದೊಡ್ಡವರ ಹತ್ತಿರ ಮಾತಾಡಿ: ಅಜ್ಜಿ, ಚಿಕ್ಕಪ್ಪ, ಶಿಕ್ಷಕಿ, ಎ.ಆರ್.ಟಿ. ಕೇಂದ್ರದ ಆಪ್ತ ಸಮಾಲೋಚಕರು. ಮಕ್ಕಳ ಸಹಾಯವಾಣಿ 1098. ಎಚ್.ಐ.ವಿ. ಬಗ್ಗೆ ತಿಳಿಯಲು 1097. ಎರಡಕ್ಕೂ ಕರೆ ಉಚಿತ.

ನಾಲ್ಕನೆಯದು, ನೀವು ಡಾಕ್ಟರಲ್ಲ. ಅಪ್ಪ-ಅಮ್ಮನನ್ನು ಗುಣಪಡಿಸುವ ಹೊರೆ ನಿಮ್ಮ ಮೇಲಿಲ್ಲ. “ಅಮ್ಮಾ, ಮಾತ್ರೆ ಆಯಿತಾ?” ಎಂದು ರಾತ್ರಿ ಒಂದು ಮಾತು ಕೇಳಿದರೆ ಸಾಕು. ನಿಮ್ಮ ಮುಖ್ಯ ಕೆಲಸ ಓದುವುದು, ಆಡುವುದು.

ಕಾನೂನು ನಿಮ್ಮ ಜೊತೆಗಿದೆ

ನಮ್ಮ ಸಂಸತ್ತು 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಮಾಡಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂಬ ಕಾರಣಕ್ಕೆ ಶಾಲೆಗೆ ಸೇರಿಸದಿರುವುದು, ಬೇರೆ ಕೂರಿಸುವುದು, ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು ತಪ್ಪು ಎಂದು ಈ ಕಾಯ್ದೆ ಹೇಳುತ್ತದೆ. ಸೋಂಕಿರುವವರಿಗಷ್ಟೇ ಅಲ್ಲ, ಅವರ ಜೊತೆ ಒಂದೇ ಮನೆಯಲ್ಲಿ ವಾಸಿಸುವವರಿಗೂ ಈ ರಕ್ಷಣೆಯಿದೆ. ಅಂದರೆ ಮಕ್ಕಳಿಗೂ ಇದೆ. ಸೋಂಕಿನ ವಿಷಯವನ್ನು ಬಹಿರಂಗಪಡಿಸುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ಮನೆಯಲ್ಲಿ ದೊಡ್ಡವರು ನೋಡಿಕೊಳ್ಳಲಾಗದ ಸ್ಥಿತಿಯಿದ್ದರೆ, 12 ವರ್ಷ ತುಂಬಿದ, ತಿಳಿವಳಿಕೆಯುಳ್ಳ ಅಣ್ಣ ಅಥವಾ ಅಕ್ಕ ತಮ್ಮತಂಗಿಯರನ್ನು ಶಾಲೆಗೆ ಸೇರಿಸುವಂಥ ವಿಷಯಗಳಲ್ಲಿ ಪೋಷಕರಾಗಿ ನಿಲ್ಲಲೂ ಇದರಲ್ಲಿ ಅವಕಾಶವಿದೆ.

ಯಾರಿಗಿದೆ ಎಂದು ತಿಳಿಯಬೇಕಿಲ್ಲ

“ಯಾರಿಗಿದೆ ಎಂದು ಗೊತ್ತಿದ್ದರೆ ಹುಷಾರಾಗಿರಬಹುದಲ್ಲ?” ಎಂದು ಕೆಲವರು ಕೇಳುತ್ತಾರೆ. ಯೋಚಿಸಿ. ಆಟದಲ್ಲಿ ಬಿದ್ದು ಮಂಡಿ ತರಚಿದರೆ, ಮೂಗಿನಿಂದ ರಕ್ತ ಬಂದರೆ ಏನು ಮಾಡಬೇಕು? ಬರಿಗೈಯಿಂದ ಮುಟ್ಟದೆ, ಕೈಗವಸು ಇಲ್ಲವೆ ಶುಭ್ರವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು, ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಇದು ಯಾರ ರಕ್ತಕ್ಕೂ ಒಂದೇ ನಿಯಮ. ಏಕೆಂದರೆ ರಕ್ತದಿಂದ ಹರಡುವ ಬೇರೆ ಕಾಯಿಲೆಗಳೂ ಇವೆ, ಕಾಮಾಲೆಯ ಕೆಲವು ವೈರಸ್‌ಗಳಂತೆ. ತಮಗೆ ಸೋಂಕಿದೆ ಎಂದು ಎಷ್ಟೋ ಜನರಿಗೆ ಸ್ವತಃ ಗೊತ್ತಿರುವುದಿಲ್ಲ. ಎಲ್ಲರ ರಕ್ತಕ್ಕೂ ಒಂದೇ ನಿಯಮ ಪಾಲಿಸುವ ಶಾಲೆಗೆ ಯಾರ ಗುಟ್ಟೂ ಬೇಕಿಲ್ಲ. ಚೀಟಿ ಬರೆದವರನ್ನು ಹುಡುಕಬಾರದು ಎಂದದ್ದು ಇದಕ್ಕೇ.

ಮಾಡಿ ನೋಡಿ: ಕಿವಿಮಾತಿನ ಆಟ

ಹದಿನೈದು ಮಂದಿ ಸಾಲಾಗಿ ಕೂರಿ. ಮೊದಲನೆಯವರ ಕಿವಿಯಲ್ಲಿ ಶಿಕ್ಷಕರು ಈ ವಾಕ್ಯ ಹೇಳಲಿ: “ನಾಳೆ ಮಧ್ಯಾಹ್ನ ಮೂರು ಗಂಟೆಗೆ ಹುಣಸೆ ಮರದ ಕೆಳಗೆ ಐದು ಜನ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಾರೆ.” ಒಬ್ಬರಿಂದ ಒಬ್ಬರಿಗೆ ಪಿಸುಮಾತಿನಲ್ಲಿ ದಾಟಿಸಿ. ಕೊನೆಯವರು ಜೋರಾಗಿ ಹೇಳಲಿ. ಎಷ್ಟು ಪದ ಬದಲಾಯಿತು, ಎಷ್ಟು ಹೊಸದಾಗಿ ಸೇರಿತು, ಕಪ್ಪು ಹಲಗೆಯ ಮೇಲೆ ಬರೆಯಿರಿ. ಈ ಆಟಕ್ಕೆ ಯಾವ ಕಾಯಿಲೆಯ ಹೆಸರನ್ನೂ, ಯಾವ ವ್ಯಕ್ತಿಯ ಹೆಸರನ್ನೂ ಬಳಸಬೇಡಿ.

ಯೋಚಿಸಿ, ಉತ್ತರಿಸಿ

1. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ, ಎಚ್.ಐ.ವಿ. ಹರಡುವುದಿಲ್ಲ. ಕಾರಣವೇನು?
2. ನ್ಯೂಯಾರ್ಕಿನ ಅಧ್ಯಯನ ಔಷಧವಿಲ್ಲದ ಕಾಲದಲ್ಲಿ ನಡೆದದ್ದು. ಅದರಿಂದ ಆ ಪುರಾವೆಯ ಬಲ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?
3. ಸುದ್ದಿಯ ಗಣಿತದಲ್ಲಿ ಪ್ರತಿಯೊಬ್ಬರೂ ಮೂವರಿಗೆ ಹೇಳಿದರೆ ನಾಲ್ಕು ಸುತ್ತಿನ ಕೊನೆಗೆ ಎಷ್ಟು ಜನಕ್ಕೆ ಗೊತ್ತಾಗುತ್ತದೆ?
4. ನಿಮ್ಮ ಗೆಳತಿಯ ಪಕ್ಕ ಕೂರಬೇಡ ಎಂದು ಯಾರೋ ಹೇಳಿದರು. ನೀವು ಏನು ಹೇಳುವಿರಿ? ಏನು ಮಾಡುವಿರಿ?

ಗುರುಗಳಿಗೆ ಒಂದು ಮಾತು

ಈ ಪಾಠ ಮಾಡುವಾಗ ತರಗತಿಯಲ್ಲಿ ಅಂಥ ಮನೆಯ ಮಗು ಇದ್ದೇ ಇದೆ ಎಂದು ಭಾವಿಸಿ ಮಾತಾಡಿ. “ಯಾರ ಮನೆಯಲ್ಲಿ ಇದೆ?” ಎಂದು ಕೇಳಬೇಡಿ, ಯಾರ ಕಡೆಗೂ ಕಣ್ಣು ಹಾಯಿಸಬೇಡಿ. ತಿಂಗಳಲ್ಲಿ ಒಂದು ದಿನ ತಪ್ಪದೆ ಗೈರುಹಾಜರಾಗುವ ಮಗುವನ್ನು ಎಲ್ಲರೆದುರು ಕಾರಣ ಕೇಳಬೇಡಿ. ಮರುದಿನ ತಪ್ಪಿದ ಪಾಠ ಹೇಳಿಕೊಟ್ಟರೆ ಸಾಕು. ಬಿಸಿಯೂಟದ ಹೊತ್ತಿಗೆ ಒಂಟಿಯಾಗಿ ಕೂತ ಮಗು ಕಂಡರೆ, ಕಾರಣ ಏನೇ ಇರಲಿ, ಅದರ ಪಕ್ಕದಲ್ಲಿ ನಿಮ್ಮ ತಟ್ಟೆ ಇಟ್ಟುಕೊಂಡು ಕೂತು ಉಣ್ಣಿ. ಉಳಿದ ಮಕ್ಕಳು ಅದನ್ನು ನೋಡುತ್ತಾರೆ.